ಹಗೇವಿನ ಮೇಲೆ ನಿಂತ ಜೀಪು

ಹಗೇವಿನ ಬಾಯಿ ತೆರೆದ ಆ ಮುಂಜಾನೆ ನಮ್ಮ ಮನೆಯ ಮುಂದೆ ಯಾರ್ಯಾರು ಇದ್ದರು ಎಂಬುದನ್ನು ಈಗಲೂ ಹೇಳಬಲ್ಲೆ. ಕಟ್ಟೆಯ ಮೇಲೆ ತಕಲಿ ತಿರುವುತ್ತ, ಉಣ್ಣೆಯ ಎಳೆ ತೆಗೆಯುತ್ತ ಕುಳಿತಿದ್ದಳು ಅಜ್ಜಿ, ಅಪ್ಪನ ತಾಯಿ. ರೊಟ್ಟಿ ಹಿಟ್ಟು ಮೆತ್ತಿದ ಕೈಯನ್ನು ಸೆರಗಿಗೆ ಒರೆಸುವುದೋ ಬೇಡವೋ ಎಂಬಂತೆ ಬಾಗಿಲ ಚೌಕಟ್ಟಿಗೆ ಒರಗಿದ್ದಳು ಅವ್ವ. ರಾಯಚೂರಿನ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ ಅವ್ವನ ತಮ್ಮ ಹನುಮಂತ ಮಾಮ ಗುದ್ದಲಿ ಹಿಡಿದು ನಿಂತಿದ್ದ. ಸ್ವಲ್ಪ ದೂರದಲ್ಲಿ, ಇದಕ್ಕೂ ತನಗೂ ಸಂಬಂಧವೇ ಇಲ್ಲ ಎನ್ನುವಂತೆ ಬೀಡಿ ಹಚ್ಚಿಕೊಂಡು ಜೀಪಿನ ಮೂತಿಗೆ ಬೆನ್ನು ಕೊಟ್ಟು ನಿಂತವನು ಅಪ್ಪ. ಅಜ್ಜಿಯ ಮಗ್ಗುಲಲ್ಲಿ ಉಣ್ಣೆಯ ಉಂಡೆ ಹಿಡಿದು ನಾನು. ಹಗೇವು ಎಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಬಾಯಿ ಸಣ್ಣದು, ಒಬ್ಬ ಆಳು ಇಳಿಯುವಷ್ಟು, ಒಳಗೆ ಹೋದಂತೆಲ್ಲ ಹೊಟ್ಟೆ ಅಗಲ. ಜೋಳವೆಲ್ಲ ಚೀಲಗಳಲ್ಲಿ ಪಡಸಾಲೆಗೆ ಏರಿದ ಮೇಲೆ ನಮ್ಮ ಹಗೇವು ಬರಿದಾಗಿ, ಮೇಲೆ ಹಾಸುಗಲ್ಲು ಮುಚ್ಚಿ, ಮಣ್ಣು ಮೆತ್ತಿ, ನಾವು ಕುಂಟಾಟ ಆಡುವ ಜಾಗವಾಗಿತ್ತು. ಆ ದಿನ ಮಾಮ ಅದನ್ನು ತೆರೆಯಲು ಹೊರಟದ್ದು ಜೋಳಕ್ಕಲ್ಲ. ಅದರ ಮೇಲೆ ಜೀಪು ನಿಲ್ಲಿಸಿ, ತಾನು ಒಳಗೆ ನಿಂತು, ಜೀಪಿನ ಹೊಟ್ಟೆಯ ಕೆಳಗೆ ಕೈಯಾಡಿಸುವುದಕ್ಕೆ.

ಆ ಜೀಪಿನ ಕತೆ ಹೇಳದೆ ನಮ್ಮ ಮನೆಯ ಕತೆ ಹೇಳುವುದು ಆಗದು. ಮಸರಕಲ್‌ನ ನಮ್ಮ ಮನೆ ಮಣ್ಣಿನ ಮಾಳಿಗೆಯದು. ಬಾಗಿಲು ದಾಟಿದರೆ ಮೊದಲು ಕುರಿಮರಿಗಳ ಜಾಗ, ಮೆಟ್ಟಿಲೇರಿದರೆ ಪಡಸಾಲೆ, ಅದರಾಚೆ ಬೆಳಕಿಂಡಿಯ ಕೆಳಗೆ ಅಡುಗೆಮನೆ. ಮರಿಗಳಿಗೆ ಹಾಲೂಡುವ ಒಂದೆರಡು ತಾಯಿಕುರಿ ಬಿಟ್ಟರೆ ದೊಡ್ಡ ಕುರಿಗಳು ಮನೆಯಲ್ಲಿ ಇರುತ್ತಿರಲಿಲ್ಲ. ಅಪ್ಪನ ತಮ್ಮ ಮಾಳಿಂಗ ಕಾಕಾ ಅವುಗಳನ್ನು ಹೊಡೆದುಕೊಂಡು, ಕೊಯ್ಲಾದ ಹೊಲಗಳಲ್ಲಿ, ದೇವದುರ್ಗದ ಆಚೆ ಕೃಷ್ಣೆಯ ದಂಡೆಯಲ್ಲಿ ಹಟ್ಟಿ ಹಾಕಿಕೊಂಡು ತಿರುಗುತ್ತಿದ್ದ. ಆ ಹಟ್ಟಿಗೆ ರೊಟ್ಟಿಯ ಗಂಟು ಮುಟ್ಟಿಸುವುದು, ಆಗಷ್ಟೇ ಹುಟ್ಟಿದ ಮರಿಗಳನ್ನು ಮನೆಗೆ ತರುವುದು ಜೀಪಿನ ಕೆಲಸ. ಅಪ್ಪ ಅದನ್ನು ಹರಾಜಿನಲ್ಲಿ ಹಿಡಿದಿದ್ದ. ಬರುವಾಗಲೇ ಅದಕ್ಕೆ ವಯಸ್ಸಾಗಿತ್ತು. ಎರೆ ಹೊಲದ ಬಿರುಕು, ಹಳ್ಳದ ಕಲ್ಲು, ಬಂಡಿಜಾಡು ಎಲ್ಲವನ್ನೂ ತಿಂದು ತಿಂದು ಅದರ ಕೀಲುಗಳೆಲ್ಲ ಸಡಿಲಾಗಿದ್ದವು. ಗಾಲಿಗಳ ಮೇಲೆ ಭಾರ ಹೊರುವ ಉಕ್ಕಿನ ಕಮಾನುಪಟ್ಟಿಗಳನ್ನು ನಮ್ಮ ಕಡೆ ಪಾಟಾ ಎನ್ನುತ್ತಾರೆ. ಎಡಗಡೆಯ ಪಾಟಾ ಕುಸಿದು ಜೀಪು ಒಂದು ಭುಜ ಇಳಿಸಿಕೊಂಡ ಮುದುಕನಂತೆ ನಿಲ್ಲುತ್ತಿತ್ತು. ಇನ್ನು ಸ್ಟೇರಿಂಗು! ಅದನ್ನು ಅರ್ಧ ಸುತ್ತು ತಿರುಗಿಸಿದ ಮೇಲೆ ಗಾಲಿಗಳಿಗೆ ಸುದ್ದಿ ಮುಟ್ಟುತ್ತಿತ್ತು. ಸುಮ್ಮನೆ ಬಿಟ್ಟರೆ ಜೀಪು ಎಡಕ್ಕೇ ಎಳೆಯುತ್ತಿತ್ತು.

ಆದರೂ ಅಪ್ಪ ಅದನ್ನು ಓಡಿಸುತ್ತಿದ್ದ. ಓಡಿಸುತ್ತಿದ್ದ ಎಂದರೆ ಸಾಲದು, ಅದನ್ನು ಸಾಕಿದ್ದ. ಯಾವಾಗಲೂ ಬಲಕ್ಕೆ ಒಂದಿಷ್ಟು ಜಗ್ಗಿ ಹಿಡಿದಿರುತ್ತಿದ್ದ. ಆಗ ಅದು ನೆಟ್ಟಗೆ ಹೋಗುತ್ತಿತ್ತು. ಊರ ಬೇವಿನಮರದ ಹತ್ತಿರ ಬಲಕ್ಕೆ ಹೊರಳಬೇಕಾದರೆ, ಇನ್ನೂ ಹನುಮಪ್ಪನ ಗುಡಿ ಇರುವಾಗಲೇ ತಿರುಗಿಸಲು ಶುರು ಮಾಡುತ್ತಿದ್ದ. ನೋಡುವವರಿಗೆ ಗುಡಿಯ ಪಕ್ಕದ ತಿಪ್ಪೆಗೇ ನುಗ್ಗುತ್ತಾನೆ ಅನ್ನಿಸಬೇಕು, ಅಷ್ಟರಲ್ಲಿ ಜೀಪು ನಿದ್ದೆಯಿಂದ ಎದ್ದಂತೆ ಸರಿಯಾಗಿ ಬೇವಿನಮರದ ಬುಡದಲ್ಲಿ ಹೊರಳುತ್ತಿತ್ತು. ಜನ ನಿಂತು ನೋಡುತ್ತಿದ್ದರು. ನನ್ನ ಪಾಲಿಗೆ ಅಪ್ಪನಿಗಿಂತ ದೊಡ್ಡ ಮನುಷ್ಯ ಆ ಸೀಮೆಯಲ್ಲಿ ಇರಲಿಲ್ಲ. ಕೀಲಿಯನ್ನು ಅವನು ಜೀಪಿನಲ್ಲೇ ಬಿಟ್ಟು ಬರುತ್ತಿದ್ದ. ಯಾರಾದರೂ ಕೇಳಿದರೆ ನಗುತ್ತಿದ್ದ.

"ಒಯ್ಲಿ ಬಿಡ್ರಿ. ಒಯ್ದಾಂವ ಬೇವಿನಗಿಡ ದಾಟಂಗಿಲ್ಲ. ತಿಪ್ಪ್ಯಾಗ ಸಿಗ್ತಾನ."

ಜೀಪಿನ ಇನ್ನೊಬ್ಬ ಒಡತಿ ಅಜ್ಜಿ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ಜೀಪು ಮನೆಗೆ ಬಂದ ಮೊದಲ ವಾರವೇ ಅಜ್ಜಿ ಆ ಕಟ್ಟಳೆಯನ್ನು ಅದಕ್ಕೂ ಹಾಕಿಬಿಟ್ಟಳು. ಆದಿತ್ಯವಾರ ಸಂಜೆ ಅದರ ಗಾಲಿಗೆ ಒಂದು ಕಲ್ಲು ಇಡುವಳು. ಮಂಗಳವಾರ ಮುಂಜಾನೆ ತಾನೇ ತೆಗೆಯುವಳು. ನಡುವೆ ದೇವೇಂದ್ರನೇ ಬಂದು ಕರೆದರೂ ಜೀಪು ಹೊರಡುವಂತಿರಲಿಲ್ಲ. ಅಪ್ಪ ಮೊದಮೊದಲು ಜಗಳಾಡಿದ.

"ಯವ್ವಾ, ಅದಕ್ಕ ಜೀವ ಇಲ್ಲ ಬೇ. ಕಬ್ಬಣ ಅದು."

"ನಿನಗ ದುಡಿದು ಹಾಕಾಕತ್ತೈತಿಲ್ಲೋ? ದುಡಿಯೋದಕ್ಕ ಒಂದು ದಿನಾ ಆದ್ರೂ ಮೈ ಚಾಚಾಕ ಬ್ಯಾಡೇನು?"

ಇಷ್ಟಾದರೂ ಅಜ್ಜಿ ಆ ಜೀಪಿನಲ್ಲಿ ಕೂರುತ್ತಿರಲಿಲ್ಲ. ಒಮ್ಮೆ ಹತ್ತಿ, ಊರ ಹಳ್ಳ ದಾಟುವಷ್ಟರಲ್ಲಿ ಸೊಂಟ ಹಿಡಿದುಕೊಂಡು ಇಳಿದು, ನಡೆದೇ ಮನೆಗೆ ಬಂದಿದ್ದಳಂತೆ. ಸಾಕುವುದು ಬೇರೆ, ಸವಾರಿ ಬೇರೆ ಎಂಬುದು ಅವಳ ಲೆಕ್ಕ.

ಅವ್ವನ ಲೆಕ್ಕ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ನಾಗರಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯಲು ಅಣ್ಣತಮ್ಮಂದಿರು ಬರುತ್ತಾರಷ್ಟೆ. ಅವ್ವನ ತವರು ಮಾನ್ವಿ ಕಡೆಯ ಬಾಗಲವಾಡ. ಆ ವರ್ಷ ಮಾಮ ಹಬ್ಬಕ್ಕೆ ಇನ್ನೂ ಎರಡು ತಿಂಗಳಿರುವಾಗಲೇ ಬಂದು, ಉಣ್ಣಲು ಕುಳಿತ. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಪಕ್ಕದಲ್ಲಿ ಅಪ್ಪ. ಅವ್ವ ರೊಟ್ಟಿ ಬಡಿಯುತ್ತಲೇ ಇದ್ದಳು. ಮಾಮ ಸಹಜವಾಗಿ ಕೇಳಿದ.

"ಯಕ್ಕಾ, ಈ ಪಂಚಮಿಗೆ ಎಂಥಾ ಸೀರಿ ತರ್ಲಿ? ಹಸರು ಬೇಕೋ, ಕುಸುಬಿ ಹೂವಿನ ಬಣ್ಣದ್ದು ಬೇಕೋ?"

"ಸೀರಿ ಬ್ಯಾಡ ತಮ್ಮಾ. ಆ ಜೀಪಿಂದು ಸ್ಟೇರಿಂಗ್ ಸೀದಾ ಮಾಡಿಕೊಡು."

"ಯಾಕಬೇ?"

"ನಾ ಹೊಡೀಬೇಕು ಅದನ್ನ."

ರೊಟ್ಟಿ ಬಡಿಯುವ ಸದ್ದು ನಿಲ್ಲಲಿಲ್ಲ. ನಿಂತದ್ದು ಅಪ್ಪನ ಕೈ. ತುತ್ತು ಪಲ್ಯದಲ್ಲೇ ಉಳಿಯಿತು. ಆಮೇಲೆ ಅವನು ನಕ್ಕ, ಆದರೆ ಆ ನಗು ಬೇವಿನಮರದ ನಗುವಲ್ಲ.

"ಎಲ್ಲಿಗಿ ಹೊಂಟಿ? ದಿಲ್ಲಿಗೇನು?"

"ದಿಲ್ಲಿ ಯಾಕ್ರೀ, ಹಟ್ಟಿ ತನಕ ಸಾಕು. ನಾ ಸುಟ್ಟ ರೊಟ್ಟಿ ಎಲ್ಲಾ ಹೊಳಿ ನೋಡಿ ಬಂದಾವ. ನಾ ನೋಡಿಲ್ಲ."

ಆ ಮಾತು ನನ್ನೊಳಗೆ ಇಳಿದ ಬಗೆ ಈಗಲೂ ಹಾಗೇ ಇದೆ. ಮುಂಜಾನೆ ಎದ್ದು ಅವ್ವ ಬಡಿದ ರೊಟ್ಟಿಗಳು ಗೋಪುರದಂತೆ ಏರುವುದನ್ನು, ಬಿಳಿ ಅರಿವೆಯಲ್ಲಿ ಗಂಟಾಗಿ ಜೀಪು ಹತ್ತುವುದನ್ನು ನಾನು ದಿನಾಲು ನೋಡುತ್ತಿದ್ದೆ. ಅವು ಎಲ್ಲಿಗೆ ಹೋಗುತ್ತವೆ ಎಂದು ಅವಳು ಯೋಚಿಸುತ್ತಿದ್ದಳು ಎಂಬುದು ನನಗೆ ಹೊಳೆದಿರಲಿಲ್ಲ. ಅಪ್ಪ ಜಾಣ. ಇಲ್ಲ ಎನ್ನಲಿಲ್ಲ. ಆಗದು ಎಂಬ ಖಾತ್ರಿಯಿಂದ ಆಗಲಿ ಎಂದ.

"ಆತು. ಅದರ ಸ್ಟೇರಿಂಗ್ ಸೀದಾ ಆದ್ರ, ಪಂಚಮಿಗೆ ಬಾಗಲವಾಡದ ತನಕ ನೀನ ಹೊಡಿ. ನಾ ಮಗ್ಗಲದಾಗ ಕುಂದರ್ತೀನಿ. ಆದ್ರ ಹನುಮ್ಯಾ, ಆ ಗಾಡಿ ನನ್ನ ಕೈಗಷ್ಟ ಬಗ್ಗತದ, ನೋಡಕೋ."

"ಮಾವಾ, ನಿನ್ನ ಕೈ ಅಲ್ಲ, ಗಾಲಿ ಹೊರಳಸೋ ಕಿಂಗ್ ಪಿನ್ ಸವದಾವ," ಎಂದು ಮಾಮ ಇನ್ನೊಂದು ರೊಟ್ಟಿ ಕೇಳಿದ.

ಹೀಗೆ ಹಗೇವಿನ ಬಾಯಿ ತೆರೆಯುವ ಮುಂಜಾನೆ ಬಂತು. ಅಂದು ಮಂಗಳವಾರ; ಸೋಮವಾರ ಮೈ ತೊಳೆಯಬಹುದು, ಲಾಳ ಬಡಿಯಬಾರದು ಎಂದು ಅಜ್ಜಿ ಒಂದು ದಿನ ಮಾಮನನ್ನು ಸುಮ್ಮನೆ ಕೂಡಿಸಿದ್ದಳು. ಕಲ್ಲು ಸರಿಸಿದೊಡನೆ ಮಾಮ ಒಳಗೆ ಇಳಿಯಲು ಕಾಲಿಟ್ಟ. ಅಜ್ಜಿಯ ತಕಲಿ ನಿಂತಿತು.

"ಲೇ ಹನುಮ್ಯಾ! ಮ್ಯಾಗ ಬಾ. ಮುಚ್ಚಿದ ಹಗೇವಿನಾಗ ಗಾಳಿ ಕೆಟ್ಟಿರ್ತದ. ಇವತ್ತೆಲ್ಲಾ ಬಾಯಿ ತೆಗೆದಿಡು. ನಾಳಿಗಿ ದೀಪ ಇಳಿಸಿ ನೋಡು. ದೀಪ ಇದ್ರ ನೀ, ದೀಪ ಆರಿದ್ರ ನೀನೂ ಆರಿದಿ."

ಮರುದಿನ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿದೆವು. ತಳ ಮುಟ್ಟಿದ ಮೇಲೂ ಅದು ನೆಟ್ಟಗೆ ಉರಿಯಿತು. ಅಜ್ಜಿ ಹಗೇವಿನ ಬಾಯಿಗೆ ಅರಿಶಿಣ ಕುಂಕುಮ ಇಟ್ಟು, ಚಪ್ಪಲಿ ಬಿಟ್ಟು ಇಳಿಯಬೇಕೆಂದು ಕಟ್ಟಪ್ಪಣೆ ಮಾಡಿದಳು. ಕಾಳಿನ ಲಕ್ಷ್ಮಿ ಇದ್ದ ಜಾಗ. ಮಾಮ ಒಳಗೆ ಹೊಟ್ಟಿನ ಚೀಲಗಳನ್ನು ಅಡಕಿ, ಮೇಲೆ ಹಲಗೆ ಹಾಕಿ, ನಿಂತರೆ ತಲೆ ಮಾತ್ರ ಹೊರಗೆ ಬರುವಷ್ಟು ಎತ್ತರ ಮಾಡಿಕೊಂಡ. ಅದರ ಮೇಲೆ ಜೀಪನ್ನು ನೂಕಿ ತಂದೆವು, ಗಾಲಿಗಳು ಆಚೆ ಈಚೆ. ರಾಯಚೂರಿನ ಗ್ಯಾರೇಜಿನಲ್ಲೂ ಇಂಥ ತಂಪಾದ ಗುಂಡಿ ಇಲ್ಲ ಎಂದು ಕೆಳಗಿನಿಂದ ಮಾಮನ ದನಿ ಕೊಡದೊಳಗಿಂದ ಬಂದಂತೆ ಬಂತು.

ಆಮೇಲಿನ ದಿನಗಳಲ್ಲಿ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ಪಡಸಾಲೆಯ ತುಂಬ ಗೋಣಿತಟ್ಟು, ಅದರ ಮೇಲೆ ಪಾಟಾದ ಎಲೆಗಳು, ಸವೆದ ಪಿನ್ನುಗಳು, ಸ್ಟೇರಿಂಗಿನ ಸರಳು, ಅದರ ತುದಿಯ ಗುಂಡುಕೀಲುಗಳು. ಕೀಲನ್ನು ಕೈಯಲ್ಲಿ ಹಿಡಿದು ಅಲುಗಿಸಿದರೆ ಗೆಜ್ಜೆಯಂತೆ ಸದ್ದು ಮಾಡುತ್ತಿತ್ತು. ಮಾಮ ಅದನ್ನು ಅಪ್ಪನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

"ಕೇಳು ಮಾವಾ. ಇದನ್ನ ಹಿಡಕೊಂಡು ಇಷ್ಟು ದಿನಾ ಹ್ಯಾಂಗ ಹೊಡದಿಯೋ ಯಪ್ಪಾ! ನಿನಗ ಕೈ ಮುಗೀಬೇಕು."

ಅಪ್ಪ ಮುಗುಳ್ನಕ್ಕ. ಹೊಗಳಿಕೆಗೆ ಸೋತು ಅಂದಿನಿಂದ ತಾನೂ ಅಂಗಿ ಕಳಚಿ ಕೆಲಸಕ್ಕೆ ನಿಂತ. ಮಾಮನಿಗೆ ಕೆಲಸದಷ್ಟೇ ಜನರನ್ನು ಬಿಚ್ಚಿ ಜೋಡಿಸುವ ಕಲೆಯೂ ಗೊತ್ತಿತ್ತು. ಆದರೆ ಅವನೂ ಒಂದು ತಪ್ಪು ಮಾಡಿದ. ಪಿನ್ನು ತೊಳೆಯಲು ಅಡುಗೆಮನೆಯಿಂದ ಕೈಗೆ ಸಿಕ್ಕ ಪರಾತ ತಂದು ಅದರಲ್ಲಿ ಚಿಮಣಿ ಎಣ್ಣೆ ಸುರಿದ. ಅದು ರೊಟ್ಟಿಯ ಹಿಟ್ಟು ಕಲಸುವ ಪರಾತ. ಬೂದಿ ಹಾಕಿ, ಹುಣಸೆಹಣ್ಣು ಹಾಕಿ ಎಷ್ಟು ತಿಕ್ಕಿದರೂ ಆ ವಾರದ ರೊಟ್ಟಿ ಜೀಪಿನ ವಾಸನೆ ಬೀರಿತು. ಜೀಪಿಲ್ಲದ್ದಕ್ಕೆ ಸೈಕಲ್ ಮೇಲೆ ರೊಟ್ಟಿ ಒಯ್ದವನ ಕೈಯಲ್ಲಿ ಹಟ್ಟಿಯಿಂದ ಮಾಳಿಂಗ ಕಾಕಾ ಹೇಳಿ ಕಳಿಸಿದ.

"ವೈನಿಗಿ ಹೇಳ್ರಿ, ಒಲಿ ಹತ್ರ ಕುಂತು ತಿನ್ನಾಕ ಅಂಜಿಕಿ ಬರಾಕತ್ತೈತಿ ಅಂತ. ಹೊಟ್ಟಿ ಭಗ್ ಅಂದೀತು."

ಅವ್ವ ನಕ್ಕದ್ದೇ ನಕ್ಕದ್ದು. ಬೇರೆ ದಿನವಾಗಿದ್ದರೆ ತಮ್ಮನ ಕಿವಿ ಹಿಂಡುತ್ತಿದ್ದಳು. ಆ ದಿನಗಳಲ್ಲಿ ಅವಳು ಏನನ್ನಾದರೂ ಸಹಿಸುತ್ತಿದ್ದಳು. ರೊಟ್ಟಿ ಮುಗಿದೊಡನೆ ಬಂದು ಒಂದೊಂದು ಭಾಗವನ್ನೂ ಎತ್ತಿ ನೋಡಿ, ಇದರ ಕೆಲಸ ಏನು, ಇದು ಸವೆದರೆ ಏನಾಗುತ್ತದೆ ಎಂದು ಕೇಳುತ್ತಿದ್ದಳು. ಹಳೆಯ ಪಿನ್ನನ್ನೂ ಹೊಸದನ್ನೂ ಕಣ್ಣು ಮುಚ್ಚಿ ಬೆರಳಲ್ಲಿ ತಡವಿ, ಯಾವುದು ಯಾವುದೆಂದು ಹೇಳುತ್ತಿದ್ದಳು. ಜೋಳದ ಕಾಳು ಹಲ್ಲಲ್ಲಿ ಕಡಿದು ಒಣಗಿದೆಯೋ ಇಲ್ಲವೋ ಹೇಳುವವಳಿಗೆ ಅದೇನು ದೊಡ್ಡದಲ್ಲ.

ಪಾಟಾದ ಎರಡೂ ತುದಿಗೆ ರಬ್ಬರಿನ ಬುಷ್ ಕೂಡಿಸಬೇಕಿತ್ತು. ಅವು ಬಿಗಿಯಾಗಿ ಒಳಗೆ ಹೋಗಲೊಲ್ಲವು. ಅಪ್ಪ ಗ್ರೀಸ್ ಡಬ್ಬಿ ತಂದ. ಗ್ರೀಸ್ ಹಚ್ಚಿದರೆ ರಬ್ಬರು ಉಬ್ಬಿ ಕೆಡುತ್ತದೆ ಎಂದು ಮಾಮ ತಡೆದ. ಏನು ಹಚ್ಚುವುದು ಎಂದು ಇಬ್ಬರೂ ತಲೆ ಕೆರೆದುಕೊಳ್ಳುವಾಗ ಅಜ್ಜಿ ತನ್ನ ಔಡಲೆಣ್ಣೆಯ, ಅಂದರೆ ಹರಳೆಣ್ಣೆಯ, ಕುಡಿಕೆ ತಂದು ಮುಂದಿಟ್ಟಳು. ನಮ್ಮ ನೆತ್ತಿಗೆ, ಕುರಿಮರಿಯ ಕಾಲಿಗೆ, ಕಂಬಳಿ ಮಗ್ಗದ ಕೀಲಿಗೆ, ಎಲ್ಲಕ್ಕೂ ಅದೇ ಎಣ್ಣೆ. ಔಡಲೆಣ್ಣೆ ರಬ್ಬರಿಗೆ ಕೇಡು ಮಾಡದು ಎಂದು ಮಾಮ ಒಪ್ಪಿಕೊಂಡ. ಎಣ್ಣೆ ಹಚ್ಚಿದೊಡನೆ ಬುಷ್‌ಗಳು ಹೇಳಿದಂತೆ ಜಾರಿ ಒಳಗೆ ಕುಳಿತವು. ಗಾಲಿಗಳು ಒಂದೇ ಗೆರೆಯಲ್ಲಿವೆಯೇ ಎಂದು ನೋಡಲು ದಾರ ಬೇಕಾಯಿತು. ಉಣ್ಣೆಯ ಎಳೆ ಜಗ್ಗುತ್ತದೆ ಎಂದು ಅಜ್ಜಿಯೇ ಪುಂಡಿನಾರಿನ ಸಣ್ಣ ಹುರಿ ಹೊಸೆದು ಕೊಟ್ಟಳು. ಹಿಂದಿನ ಗಾಲಿಯಿಂದ ಮುಂದಿನ ಗಾಲಿಗೆ ಆ ಹುರಿ ಬಿಗಿದು, ಒಂದು ತುದಿ ನಾನು, ಒಂದು ತುದಿ ಅವ್ವ ಹಿಡಿದೆವು. ಜೀಪು ನಮ್ಮಿಬ್ಬರ ನಡುವೆ ನೆಟ್ಟಗಾಗುತ್ತ ಬಂತು.

ಕೊನೆಯ ಕೆಲಸ ನಾನು ಮರೆಯಲಾರದ್ದು. ಬುಷ್‌ಗಳ ಬೋಲ್ಟು ಪೂರ್ತಿ ಬಿಗಿಯುವ ಮುಂಚೆ ಜೀಪಿನ ಮೇಲೆ ದಿನದ ಭಾರ ಇರಬೇಕು. ಖಾಲಿ ಇದ್ದಾಗ ಬಿಗಿದರೆ ಭಾರ ಬಿದ್ದಾಗ ರಬ್ಬರು ಹಿಂಡಿ ಹರಿಯುತ್ತದೆ ಎಂದು ಮಾಮ ಹೇಳಿದ. ಹಗೇವಿನೊಳಗಿಂದಲೇ ಕೂಗಿದ.

"ಮನಿಮಂದಿ ಎಲ್ಲಾ ಹತ್ರಿ! ದಿನಾ ಹ್ಯಾಂಗ ಹೋಗ್ತೀರಿ ಹಂಗ ಕುಂದರ್ರಿ!"

ರೊಟ್ಟಿಯ ಗಂಟಿನ ಬದಲು ಒಂದು ಜೋಳದ ಚೀಲ, ಮರಿಗಳ ಬುಟ್ಟಿ, ಮರಿಗಳ ಹಿಂದೆ ಅರಚುತ್ತ ಬಂದ ತಾಯಿಕುರಿ, ಅದರ ಕಿವಿ ಹಿಡಿದು ನಾನು. ಅಜ್ಜಿಯನ್ನೂ ಕರೆದೆವು. ತಾನು ಹತ್ತುವವಳಲ್ಲ, ತನ್ನ ಭಾರಕ್ಕೆ ಬೀಸುಕಲ್ಲು ಇಡಿ ಎಂದಳು, ಇಟ್ಟೆವು. ಅಪ್ಪ ಎಂದಿನಂತೆ ಸ್ಟೇರಿಂಗಿನ ಕಡೆ ಹೊರಟ. ಕೆಳಗಿನಿಂದ ಮತ್ತೆ ದನಿ ಬಂತು.

"ಮಾವಾ, ನೀ ಕೆಳಗ ಬಾ, ಬೋಲ್ಟ್ ಬಿಗಿಯಾಕ ಪಾನಾ ಹಿಡಿಯೋರು ಬೇಕು. ಯಕ್ಕಾ, ನೀ ಕುಂದರು ಅಲ್ಲಿ. ಸ್ಟೇರಿಂಗ್ ಸೀದಾ ಹಿಡಿ. ನಾ ಹೇಳೋ ತನಕ ಅಲುಗಬ್ಯಾಡ."

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿ ಕುಳಿತಳು. ಎರಡೂ ಕೈಯಲ್ಲಿ ಹಿಡಿದಳು. ಕೆಳಗೆ ತಮ್ಮ ಮತ್ತು ಗಂಡ ಸೇರಿ ಒಂದೊಂದೇ ಬೋಲ್ಟು ಬಿಗಿಯುತ್ತಿದ್ದರೆ, ಮೇಲೆ ಅವಳು ರಸ್ತೆಯೇ ಇಲ್ಲದ ಕಡೆ ರಸ್ತೆ ನೋಡುತ್ತ ಅಲುಗದೆ ಕುಳಿತಿದ್ದಳು. ಹಿಂದಿನಿಂದ ಅವಳ ಕತ್ತು, ಎಣ್ಣೆ ಹಚ್ಚಿದ ತುರುಬು ಮಾತ್ರ ನನಗೆ ಕಾಣುತ್ತಿತ್ತು. ನಮ್ಮೆಲ್ಲರ ಭಾರ ಎಷ್ಟೆಂದು ಆ ಜೀಪಿಗೆ ಆ ದಿನ ಗೊತ್ತಾಯಿತು ಎಂದು ನಾನು ತಿಳಿದುಕೊಂಡೆ.

ಓಡಿಸಿ ನೋಡಲು ಮೊದಲು ಅಪ್ಪನೇ ಹತ್ತಬೇಕಲ್ಲ, ಹತ್ತಿದ. ಓಣಿಯ ಜನವೆಲ್ಲ ಕಟ್ಟೆಗಳ ಮೇಲೆ. ಜೀಪು ಮೊದಲ ಬಾರಿಗೆ ಎರಡೂ ಭುಜ ಸಮ ಮಾಡಿಕೊಂಡು ಹೊರಟಿತು. ಹೊರಟ ಗಳಿಗೆಯಲ್ಲೇ ಬಲಕ್ಕೆ ಸರಿಯಿತು. ಅಪ್ಪನ ಕೈ ಅಭ್ಯಾಸದಂತೆ ಬಲಕ್ಕೆ ಜಗ್ಗಿ ಹಿಡಿದಿತ್ತು. ಸರಿಪಡಿಸಲು ಎಡಕ್ಕೆ ತಿರುಗಿಸಿದ, ಅದು ಥಟ್ಟನೆ ಎಡಕ್ಕೆ ಹಾರಿತು. ಹೀಗೆ ಹಾವಿನಂತೆ ಹರಿಯುತ್ತ ಹನುಮಪ್ಪನ ಗುಡಿಯ ಹತ್ತಿರ ಬಂದ. ಅಲ್ಲಿ ಅವನ ಕೈ ಎಷ್ಟೋ ವರ್ಷದ ಪಾಠ ಒಪ್ಪಿಸಿತು: ಅರ್ಧ ಸುತ್ತು, ಬಲಕ್ಕೆ. ಈಗ ಜೀಪು ಹೇಳಿದ ಮಾತು ಕೇಳುವ ಜೀಪು. ಹೇಳಿದ ಕೂಡಲೇ ಹೊರಳಿ, ಗುಡಿಯ ಪಕ್ಕದ ತಿಪ್ಪೆಗೆ ಮೂಗು ಹುದುಗಿಸಿ ನಿಂತಿತು. ಕೋಳಿಗಳು ಹಾರಿದವು. ಯಾರಿಗೂ ಏನೂ ಆಗಲಿಲ್ಲ.

ಅಪ್ಪ ಸಿಟ್ಟಾಗುತ್ತಾನೆ, ಮಾಮನ ಕುತ್ತಿಗೆ ಹಿಡಿಯುತ್ತಾನೆ ಎಂದು ನಾನು ಅವ್ವನ ಸೀರೆ ಹಿಡಿದುಕೊಂಡೆ. ಅಪ್ಪ ಇಳಿದು ಬಂದ. ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡ. ಆಮೇಲೆ ನಕ್ಕ, ಬೇವಿನಮರದ ಆ ಹಳೆಯ ನಗು.

"ಹನುಮ್ಯಾ, ಗಾಡಿಂದು ಎಲ್ಲಾ ಬದ್ಲಿ ಮಾಡಿದಿ. ಈ ಕೈಗೋಳಿಗಿ ಬುಷ್ ಹಾಕೋದು ಮರ್ತಿ ನೋಡು."

ಕೀಲಿಯನ್ನು ತಂದು ಅವ್ವನ ಕೈಯಲ್ಲಿಟ್ಟ.

"ತಗೋ. ನಿನ್ನ ಕೈಗಿ ಇನ್ನೂ ಏನೂ ರೂಢಿ ಬಿದ್ದಿಲ್ಲ. ನಿನಗ ಸೀದಾ ಹೋಗ್ತದ ಇದು."

ಅಪ್ಪನನ್ನು ನಾನು ಅತಿ ಹೆಚ್ಚು ಮೆಚ್ಚಿದ್ದು ಅವನು ಆ ಕೆಟ್ಟ ಜೀಪನ್ನು ಬಗ್ಗಿಸುತ್ತಿದ್ದ ದಿನಗಳಲ್ಲಿ ಎಂದುಕೊಂಡಿದ್ದೆ. ಅಲ್ಲ. ಅದು ಈ ಗಳಿಗೆಯಲ್ಲಿ, ಮೊಣಕಾಲಿಗೆ ತಿಪ್ಪೆಯ ಗೊಬ್ಬರ ಮೆತ್ತಿಕೊಂಡು, ಊರೆಲ್ಲ ನೋಡುತ್ತಿರುವಾಗ.

ಅವ್ವ ಬಯಲ ಹೊಲದಲ್ಲಿ ಮಾಮನ ಜೊತೆ ಕಲಿತಳು, ರಾಯಚೂರಿಗೆ ಹೋಗಿ ಲೈಸೆನ್ಸಿನ ಕೆಲಸವನ್ನೂ ಮುಗಿಸಿಕೊಂಡು ಬಂದಳು. ಪಂಚಮಿಗೆ ಬಾಗಲವಾಡಕ್ಕೆ ಅವಳೇ ಹೊಡೆದಳು. ಕರೆಯಲು ಬಂದ ತಮ್ಮ ಹಿಂದೆ, ಹಬ್ಬಕ್ಕೆ ಜೋಳದ ಅರಳಿನಿಂದ ಮಾಡಿದ ಅಳ್ಳಿಟ್ಟಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು. ಗಂಡ ಮಗ್ಗುಲಲ್ಲಿ, ಇಲ್ಲದ ಬ್ರೇಕನ್ನು ಉದ್ದಕ್ಕೂ ತುಳಿಯುತ್ತ. ಅಪ್ಪನಿಗೂ ಹೊಸ ರೂಢಿ ಬೀಳಲು ದೀಪಾವಳಿ ಬಂತು. ಅಷ್ಟರಲ್ಲಿ ಹಟ್ಟಿಗೆ ರೊಟ್ಟಿ ಒಯ್ಯುವ ಕೆಲಸ ಅವ್ವನದೇ ಆಗಿತ್ತು. ಮೊದಲ ಸಲ ಹೊಳೆ ನೋಡಿ ಬಂದ ದಿನ ಅವಳು ಒಲೆಯ ಮುಂದೆ ಕುಳಿತು, ನೀರಿನ ಬಣ್ಣ ಎಂಥದು ಎಂದು ಅಜ್ಜಿಗೆ ಹೇಳುತ್ತಲೇ ಇದ್ದಳು. ಅಜ್ಜಿ ತಕಲಿ ತಿರುವುತ್ತ ಹೂಂಗುಟ್ಟುತ್ತಿದ್ದಳು. ಸೋಮವಾರದ ಕಲ್ಲು ಮಾತ್ರ ಗಾಲಿಗೆ ತಪ್ಪಲಿಲ್ಲ.

ಆ ಚಳಿಗಾಲದ ಒಂದು ಸೋಮವಾರ ಹಟ್ಟಿಯಿಂದ ಒಬ್ಬ ಸೈಕಲ್ ತುಳಿದುಕೊಂಡು ಬಂದ. ಹೊಳೆದಂಡೆಯ ಬಂಡೆ ಮೇಲಿಂದ ಜಾರಿ ಬಿದ್ದು ಮಾಳಿಂಗ ಕಾಕಾನ ಕಾಲು ಮುರಿದಿತ್ತು. ಅಪ್ಪ ಉಣ್ಣೆ ಮಾರಲು ಹೋದವನು ಊರಲ್ಲಿರಲಿಲ್ಲ. ಅವ್ವ ಕೀಲಿ ಹಿಡಿದು ಅಂಗಳಕ್ಕೆ ಬಂದು, ಗಾಲಿಯ ಕಲ್ಲು ನೋಡಿ, ಅಜ್ಜಿಯ ಮುಖ ನೋಡಿ ನಿಂತಳು. ಅಜ್ಜಿ ಕಟ್ಟೆಯಿಂದ ಇಳಿದು ಬಂದಳು. ಬಗ್ಗಿ ಕಲ್ಲು ತೆಗೆದಳು. ಜೀಪಿನ ಮೂತಿಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಕಂಬಳಿ ಹೊದ್ದು, ತಾನೇ ಹತ್ತಿ, ಅವ್ವನ ಮಗ್ಗುಲಲ್ಲಿ ಕುಳಿತಳು.

"ಹೊಡಿ ಗಂಗೀ. ಸೀದಾ ಹೊಡಿ."

ಸಂಜೆಯ ಹೊತ್ತಿಗೆ ಕಾಕಾ ರಾಯಚೂರಿನ ಆಸ್ಪತ್ರೆಯಲ್ಲಿದ್ದ, ಕಾಲಿಗೆ ಪಟ್ಟಿ ಬಿದ್ದಿತ್ತು. ಅವನ ಹತ್ತಿರ ಹನುಮಂತ ಮಾಮನನ್ನು ಬಿಟ್ಟು ಅತ್ತೆ ಸೊಸೆ ಮನೆಗೆ ಬಂದರು. ಮರುದಿನ ಮುಂಜಾನೆ ಅವ್ವ ಎದ್ದು ನೋಡಿದರೆ, ಜೀಪಿನ ಮೈ ತೊಳೆದು ಕುಂಕುಮ ಇಟ್ಟಿತ್ತು, ಗಾಲಿಗೆ ಕಲ್ಲು ಬಿದ್ದಿತ್ತು. ನಿನ್ನೆಯ ರಜೆ ಬಾಕಿ ಇದೆ, ಇವತ್ತು ಯಾರೂ ಅದನ್ನು ಎಬ್ಬಿಸಬಾರದು ಎಂದಳು ಅಜ್ಜಿ.